ಚಿಹ್ನೆ ತಿರುಗದ ಕಣಿವೆ: ನನ್ನ ಅನುಭವ

ಮಾಲಿಬ್ಡಿನಮ್ ಡೈಸಲ್ಫೈಡಿನ ಒಂಟಿ ಪದರದಲ್ಲಿ ಇಲೆಕ್ಟ್ರಾನುಗಳಿಗೆ ಶಕ್ತಿಯಲ್ಲಿ ಸರಿಸಮವಾದ, ಆದರೆ ಸಂವೇಗದಲ್ಲಿ ದೂರದೂರವಿರುವ ಎರಡು ಬಗೆಯ ತಗ್ಗುಗಳಿದ್ದು, ಅವನ್ನು ಕಣಿವೆಗಳೆಂದು ಕರೆಯುತ್ತಾರೆ. ಕಂಪನದ ದಿಕ್ಕು ಸುತ್ತುತ್ತಲೇ ಸಾಗುವ ಬೆಳಕನ್ನು ವೃತ್ತೀಯ ಧ್ರುವೀಕೃತ ಬೆಳಕು ಎನ್ನುತ್ತಾರೆ. ಬಲಕ್ಕೆ ಸುತ್ತುವ ಬೆಳಕು ಒಂದು ಕಣಿವೆಯನ್ನೂ ಎಡಕ್ಕೆ ಸುತ್ತುವುದು ಇನ್ನೊಂದನ್ನೂ ತುಂಬುತ್ತದೆ. ಹರಳು ಮರಳಿ ಸೂಸುವ ಬೆಳಕಿನ ಸುತ್ತನ್ನು ಅಳೆದರೆ ಯಾವ ಕಣಿವೆ ಎಷ್ಟು ತುಂಬಿತ್ತೆಂಬುದು ತಿಳಿಯುತ್ತದೆ. 2012ರಲ್ಲಿ ಹಲವು ತಂಡಗಳು ಪ್ರಯೋಗದಿಂದ ತೋರಿಸಿಕೊಟ್ಟ ಈ ಅಳತೆಯನ್ನು ಮಂಗಳೂರಿನ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಮಾಡಲು ಹೊರಟ ನಾನು, ಕೆಲವು ತಿಂಗಳ ಕಾಲ ಹರಳನ್ನು ಅಳೆಯುತ್ತಿದ್ದೇನೆಂದು ನಂಬಿ ನನ್ನ ಉಪಕರಣಗಳನ್ನೇ ಅಳೆಯುತ್ತಿದ್ದೆ.

ಪದರ ಸಿದ್ಧಪಡಿಸುವುದು ಕಷ್ಟವಾಗಲಿಲ್ಲ. ಈ ಹರಳು ಕಾಗೆಬಂಗಾರದಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಅಂಟುಪಟ್ಟಿಯಿಂದ ಮತ್ತೆಮತ್ತೆ ಸೀಳಿ, ಸುಮಾರು 300 ನ್ಯಾನೋಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ಚೂರಿನ ಮೇಲೆ ಒತ್ತಿದರೆ ಒಂಟಿ ಪದರಗಳೂ ಸೂಕ್ಷ್ಮದರ್ಶಕದಲ್ಲಿ ಮಸುಕಾಗಿ ಕಾಣುತ್ತವೆ. ಆಟಿ ತಿಂಗಳ ಮಳೆಯಲ್ಲಿ ಮಾತ್ರ ಚೂರಿನ ಮೇಲೆ ತೇವ ಕುಳಿತು ಪದರ ಹಿಡಿಯುತ್ತಿರಲಿಲ್ಲವಾದ್ದರಿಂದ, ಒತ್ತುವ ಮೊದಲು ಅದನ್ನು ಹಾಟ್‌ಪ್ಲೇಟಿನ ಮೇಲೆ ಬಿಸಿಮಾಡುವ ಕ್ರಮವನ್ನು ರೂಢಿಸಿಕೊಂಡೆ. ಹರಳಿನ ಕಂಪನಗಳಿಂದ ಬಣ್ಣ ಬದಲಿಸಿ ಚೆದುರಿದ ಬೆಳಕಿನ, ಅಂದರೆ ರಾಮನ್ ರೋಹಿತದ, ಎರಡು ಶಿಖರಗಳ ನಡುವಿನ ಅಂತರ ದಪ್ಪ ಹರಳಿನಲ್ಲಿ ಸೆಂಟಿಮೀಟರಿಗೆ ಸುಮಾರು 25 ತರಂಗಗಳಷ್ಟಿರುವುದು ಒಂಟಿ ಪದರದಲ್ಲಿ 18–19ಕ್ಕೆ ಇಳಿಯುತ್ತದೆ. ಇದನ್ನು ನೋಡಿಕೊಂಡ ಬಳಿಕವೇ ಮುಂದಿನ ಕೆಲಸ.

ಮೊದಲ ವ್ಯವಸ್ಥೆಯಲ್ಲಿ 532 ನ್ಯಾನೋಮೀಟರಿನ ಹಸಿರು ಲೇಸರನ್ನು, ಒಂದೇ ರೇಖೆಯಲ್ಲಿ ಕಂಪಿಸುವ (ರೇಖೀಯ) ಬೆಳಕನ್ನು ಸುತ್ತುವ ಬೆಳಕಾಗಿಸುವ ಕಾಲು ತರಂಗ ಫಲಕದ ಮೂಲಕ ಹಾಯಿಸಿ, ಬಳಿಕ 45 ಡಿಗ್ರಿ ಓರೆಯಾಗಿದ್ದ ಡೈಕ್ರೋಯಿಕ್ ಕನ್ನಡಿಯಿಂದ (ಕೆಲವು ಬಣ್ಣಗಳನ್ನು ಪ್ರತಿಫಲಿಸಿ ಉಳಿದವನ್ನು ಹಾಯಗೊಡುವ ಕನ್ನಡಿ) ಪ್ರತಿಫಲಿಸಿ ಹರಳಿಗೆ ಕಳುಹಿಸುತ್ತಿದ್ದೆ. ಹೊರಬಂದ ಬೆಳಕನ್ನು ಇನ್ನೊಂದು ಫಲಕ ಹಾಗೂ ಒಂದೇ ದಿಕ್ಕಿನ ಕಂಪನವನ್ನು ಬಿಡುವ, ತಿರುಗುವ ಪೋಲರೈಸರಿನ ಮೂಲಕ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿಗೆ ಒಯ್ಯುತ್ತಿದ್ದೆ. ಕೋಣೆಯ ಉಷ್ಣತೆಯಲ್ಲಿಯೇ ಶೇಕಡ 20ರ ಆಸುಪಾಸಿನ ಧ್ರುವೀಕರಣ (ಹೊರಬಂದ ಬೆಳಕಿನಲ್ಲಿ ಎಡಬಲ ಸುತ್ತುಗಳ ನಡುವಿನ ವ್ಯತ್ಯಾಸ; ಬಲ ಹೆಚ್ಚಿದ್ದರೆ ಧನ, ಎಡ ಹೆಚ್ಚಿದ್ದರೆ ಋಣ) ಸಿಕ್ಕಿದಾಗ ಆದ ಸಂತೋಷ ಇಂದಿಗೂ ನೆನಪಿದೆ. ಜೊತೆಗಿದ್ದ ವಿದ್ಯಾರ್ಥಿನಿ ಆ ಸಂಜೆ ಕೇಳಿದಳು: “ಮೇಡಂ, ಲೇಸರಿನ ಸುತ್ತನ್ನು ಎಡಬಲ ಬದಲಿಸಿದರೆ ಉತ್ತರದ ಚಿಹ್ನೆಯೂ ಬದಲಾಗಬೇಕಲ್ಲವೇ?” ಬದಲಿಸಿ ನೋಡಿದೆವು. ಚಿಹ್ನೆ ಕದಲಲಿಲ್ಲ.

ಕಾರಣಗಳನ್ನು ಒಂದೊಂದಾಗಿ ಹುಡುಕಿದೆ. ಸ್ಪೆಕ್ಟ್ರೋಮೀಟರಿನ ಗ್ರೇಟಿಂಗು, ಅಂದರೆ ಬಣ್ಣಗಳನ್ನು ಬಿಡಿಸುವ ಸೂಕ್ಷ್ಮ ಗೆರೆಗಳ ಫಲಕ, ತನ್ನ ಗೆರೆಗಳಿಗೆ ಅಡ್ಡ ಹಾಗೂ ಸಮಾಂತರವಾದ ಬೆಳಕನ್ನು ಒಂದೇ ಪ್ರಮಾಣದಲ್ಲಿ ಚೆದುರಿಸುವುದಿಲ್ಲ. ಪೋಲರೈಸರನ್ನು ತಿರುಗಿಸಿದಾಗ ಕಂಡ ವ್ಯತ್ಯಾಸ ಹರಳಿನದಲ್ಲ, ಗ್ರೇಟಿಂಗಿನದು. ಓರೆ ಕನ್ನಡಿಯಂತೂ ಎರಡು ದಿಕ್ಕಿನ ಧ್ರುವೀಕರಣಗಳಿಗೆ ಬೇರೆಬೇರೆ ಹಂತಾಂತರ ಕೊಟ್ಟು, ನಾನು ಶ್ರದ್ಧೆಯಿಂದ ತಯಾರಿಸಿದ ವೃತ್ತವನ್ನು ದೀರ್ಘವೃತ್ತವಾಗಿಸುತ್ತಿತ್ತು. ಮೇಲಾಗಿ ಹಸಿರು ಲೇಸರಿನ ಶಕ್ತಿ ಹರಳಿನ ಸೂಸುವಿಕೆಯ ಶಕ್ತಿಗಿಂತ ಬಹಳ ಹೆಚ್ಚಿದ್ದುದರಿಂದ ಇಲೆಕ್ಟ್ರಾನುಗಳು ಕೆಳಗಿಳಿಯುವಷ್ಟರಲ್ಲಿ ಕಣಿವೆಯ ಗುರುತನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಿದ್ದವು.

ಹೊಸ ವ್ಯವಸ್ಥೆಯಲ್ಲಿ ಒಂದೇ ಕಾಲು ತರಂಗ ಫಲಕವನ್ನು ಎಲ್ಲ ಕನ್ನಡಿಗಳ ಬಳಿಕ, ಆಬ್ಜೆಕ್ಟಿವ್ ಮಸೂರದ ಹಿಂದೆಯೇ ಇರಿಸಿದೆ. ಆಗ ಕನ್ನಡಿಗಳನ್ನು ಹಾಯುವುದು ಅವುಗಳ ಅಕ್ಷಕ್ಕೆ ಹೊಂದಿದ ರೇಖೀಯ ಬೆಳಕು ಮಾತ್ರ, ವೃತ್ತೀಯ ಬೆಳಕು ಇರುವುದು ಫಲಕದಿಂದ ಹರಳಿನವರೆಗೆ ಮಾತ್ರ. ಮರಳುವಾಗ ಅದೇ ಫಲಕ ಒಂದು ಕಣಿವೆಯ ಬೆಳಕನ್ನು ಅಡ್ಡ, ಇನ್ನೊಂದರದನ್ನು ಉದ್ದ ರೇಖೆಯಾಗಿಸುತ್ತದೆ. ಸ್ಪೆಕ್ಟ್ರೋಮೀಟರಿನ ಮುಂದಿನ ಪೋಲರೈಸರನ್ನು ಅಲುಗಾಡದಂತೆ ಬಿಗಿದು, ಅದರ ಮುಂದೆ ಇಟ್ಟ, ರೇಖೆಯ ದಿಕ್ಕನ್ನು ಬದಲಿಸುವ ಅರ್ಧ ತರಂಗ ಫಲಕವನ್ನಷ್ಟೇ ತಿರುಗಿಸಿದೆ. ಹೀಗಾಗಿ ಗ್ರೇಟಿಂಗಿಗೆ ಸದಾ ಒಂದೇ ದಿಕ್ಕಿನ ಬೆಳಕು ತಲುಪುತ್ತಿತ್ತು. ಲೇಸರಾಗಿ 633 ನ್ಯಾನೋಮೀಟರಿನ ಹೀಲಿಯಂ-ನಿಯಾನ್ ಬಂತು. ಒಂದು ತೊಡಕು ಉಳಿದಿತ್ತು: 633ಕ್ಕೆ ಸರಿಯಾಗಿ ಕಾಲು ತರಂಗವಾದ ಸಾಮಾನ್ಯ ಫಲಕ, ಹರಳು ಕೋಣೆಯ ಉಷ್ಣತೆಯಲ್ಲಿ ಬೆಳಕು ಸೂಸುವ 670ರ ಆಸುಪಾಸಿನಲ್ಲಿ ತುಸು ತಪ್ಪುತ್ತದೆ. ಇದಕ್ಕೆ ಪರಿಹಾರವನ್ನು ಭೌತವಿಜ್ಞಾನಿ ಎಸ್. ಪಂಚರತ್ನಂ ಅವರು ಬೆಂಗಳೂರಿನಲ್ಲಿ 1955ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಒಂದೇ ಪದಾರ್ಥದ ಮೂರು ಫಲಕಗಳನ್ನು ಲೆಕ್ಕಹಾಕಿದ ಕೋನಗಳಲ್ಲಿ ಜೋಡಿಸಿದರೆ ಬಣ್ಣ ಬದಲಾದರೂ ವೃತ್ತ ಕೆಡುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಆ ವಿಚಾರ ನಮ್ಮ ಮೇಜಿನ ಮೇಲೆ ಕೆಲಸ ಮಾಡುವುದನ್ನು ಕಂಡು ನನಗೆ ನಿಜಕ್ಕೂ ಹೆಮ್ಮೆಯೆನಿಸಿತು.

ದ್ರವ ನೈಟ್ರೋಜನ್ನಿನಿಂದ 77 ಕೆಲ್ವಿನ್‌ಗೆ ತಣಿಸುವಾಗ, ಹರಳನ್ನು ತಣ್ಣಗಿಡುವ ಪೆಟ್ಟಿಗೆಯಾದ ಕ್ರಯೋಸ್ಟಾಟಿನ ಕಿಟಕಿಯ ಹೊರಮೈ ಮೇಲೆ ನಮ್ಮ ಕರಾವಳಿಯ ಗಾಳಿ ಮಂಜು ಕಟ್ಟುತ್ತಿತ್ತು. ಒಣ ನೈಟ್ರೋಜನ್ನನ್ನು ಸಣ್ಣಗೆ ಊದಿ ಅದನ್ನು ತಡೆದೆವು. ಕಿಟಕಿಯ ಗಾಜಿನ ಬಿಗಿತವೂ ವೃತ್ತವನ್ನು ಕೆಡಿಸಬಲ್ಲುದಾದ್ದರಿಂದ, ತಣಿದ ಮೇಲೆ ಹರಳಿನ ಪಕ್ಕದ ಬರಿಯ ಸಿಲಿಕಾನನ್ನೇ ಕನ್ನಡಿಯಾಗಿ ಬಳಸಿದೆವು. ಅಲ್ಲಿಂದ ಪ್ರತಿಫಲಿಸಿದ ಲೇಸರು ಫಲಕವನ್ನು ಎರಡನೆಯ ಸಲ ಹಾಯ್ದು ಪೂರ್ತಿ ಅಡ್ಡ ರೇಖೆಗೆ ಬರಬೇಕು. ಮೂಲ ರೇಖೆಯಲ್ಲಿ ಎಷ್ಟು ಉಳಿಯುತ್ತದೋ ಅಷ್ಟು ನಮ್ಮ ದೋಷ.

ಆ ದಿನ ಬಲ ಸುತ್ತಿನ ಲೇಸರಿಗೆ ಧನ, ಎಡ ಸುತ್ತಿಗೆ ಹೆಚ್ಚುಕಡಿಮೆ ಅಷ್ಟೇ ಋಣ, ರೇಖೀಯ ಬೆಳಕಿಗೆ ದೋಷದ ಮಿತಿಯೊಳಗೆ ಸೊನ್ನೆ ಬಂತು. ಹರಳನ್ನು ಮರಳಿ ಕೋಣೆಯ ಉಷ್ಣತೆಗೆ ತಂದಾಗ ಧ್ರುವೀಕರಣ ತೀರಾ ಕುಗ್ಗಿತು. ಹರಳಿನ ಪರಮಾಣು ಜಾಲಕದ ಕಂಪನಗಳು ಇಲೆಕ್ಟ್ರಾನುಗಳನ್ನು ಒಂದು ಕಣಿವೆಯಿಂದ ಇನ್ನೊಂದಕ್ಕೆ ತಳ್ಳುವುದರಿಂದ ಹಾಗಾಗುವುದು ಸಹಜ. ಮೊದಲು ಸಿಕ್ಕಿದ ಆ ಶೇಕಡ 20ರ ಪುಟಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಗ್ರೇಟಿಂಗಿನ ಅಳತೆಯೆಂದು ಬರೆದಿಟ್ಟೆ.