ಕಜ್ಜಿಗೆ ಮುಲಾಮು: ಮನೆಮಂದಿಗೆಲ್ಲ, ಒಂದೇ ರಾತ್ರಿ

ಕಜ್ಜಿಗೆ ಚೀಟಿ ಬರೆಯಲು ಎರಡು ನಿಮಿಷ ಸಾಕು. ಆ ಚೀಟಿಯ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳುವಂತೆ ಮಾಡುವುದೇ ಹೆಣಗಾಟ. ಹಿರಿಯೂರು ತಾಲ್ಲೂಕಿನ ಹಳ್ಳಿಗಳಲ್ಲಿ ವೈದ್ಯೆಯಾಗಿ ಕೆಲಸ ಮಾಡುತ್ತಾ ನಾನು ರೂಢಿಸಿಕೊಂಡ ಕ್ರಮ ಇದು.

ನಮ್ಮ ಕೇಂದ್ರಕ್ಕೆ ಬರುವ ಹೊತ್ತಿಗೆ ಹೆಚ್ಚಿನವರು ಔಷಧಿ ಅಂಗಡಿಯಲ್ಲಿ ಕೇಳಿ ತಂದ ಯಾವುದೋ ಟ್ಯೂಬನ್ನು ಮುಗಿಸಿರುತ್ತಾರೆ. ಸ್ಟೀರಾಯ್ಡ್ ಜೊತೆಗೆ ಮತ್ತೆರಡು ಮೂರು ಔಷಧಿ ಬೆರೆಸಿದ ಟ್ಯೂಬುಗಳವು. ಹಚ್ಚಿದರೆ ನವೆ ಇಳಿಯುತ್ತದೆ, ಕಜ್ಜಿ ತರುವ ಹುಳು ಮಾತ್ರ ಸುಖವಾಗಿರುತ್ತದೆ. ಗುಳ್ಳೆಗಳ ಚಹರೆಯೂ ಬದಲಾಗಿ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಆದ್ದರಿಂದ ಮೈ ನೋಡುವ ಮೊದಲೇ ವಿಚಾರಿಸುತ್ತೇನೆ: ಏನೇನು ಹಚ್ಚಿದ್ದೀರಿ, ರಾತ್ರಿ ಮಲಗಿದ ಮೇಲೆ ನವೆ ಜಾಸ್ತಿಯೇ, ಜೊತೆಗೆ ಮಲಗುವವರೂ ಕೆರೆದುಕೊಳ್ಳುತ್ತಾರೆಯೇ? ಕೊನೆಯ ಎರಡಕ್ಕೂ ಹೌದೆಂದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧ ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಉಡುದಾರದ ಜಾಗ ಮತ್ತು ತೊಡೆಸಂದಿನಲ್ಲಿ ಸಿಗುತ್ತದೆ. ಕೂಸುಗಳಾದರೆ ಅಂಗೈ, ಅಂಗಾಲುಗಳನ್ನೂ ನೋಡಬೇಕು.

"ನನಗೆ ನವೆಯೇ ಇಲ್ಲ ಡಾಕ್ಟರಮ್ಮ, ನನಗೇಕೆ ಮುಲಾಮು?" ಎಂದು ಕೇಳದ ಅತ್ತೆ ಈ ಸೀಮೆಯಲ್ಲಿ ಇರಲಿಕ್ಕಿಲ್ಲ. ತೋಟವಿರುವ ಮನೆಯಾದರೆ ತೆಂಗಿನ ನುಸಿಯನ್ನು ನೆನಪಿಸುತ್ತೇನೆ. ಕಾಯಿಯ ತೊಟ್ಟಿನಡಿ ಅಡಗಿ ರಸ ಹೀರುವ ಆ ನುಸಿಗೆ ಕಜ್ಜಿಯ ಹುಳು ದೂರದ ನೆಂಟ. ಹೆಣ್ಣು ಹುಳು ಅರ್ಧ ಮಿಲಿಮೀಟರಿನಷ್ಟೂ ಇರುವುದಿಲ್ಲ. ಚರ್ಮದ ಮೇಲ್ಪದರದಲ್ಲಿ ಬಿಲ ತೋಡಿಕೊಂಡು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಯಲ್ಲಿ ಇರುವುದು ಹತ್ತು ಹದಿನೈದು ಹುಳು ಅಷ್ಟೇ. ಅಷ್ಟಕ್ಕೇ ನಿದ್ದೆಗೆಡಿಸುವ ನವೆ ಏಳುವುದು ದೇಹದ ಅಲರ್ಜಿಯಿಂದ. ಮೊದಲ ಸಲ ಅಂಟಿದವರಲ್ಲಿ ಆ ಅಲರ್ಜಿ ಕಾಣಿಸಿಕೊಳ್ಳಲು 4ರಿಂದ 6 ವಾರ ಹಿಡಿಯುತ್ತದೆ. ಅಷ್ಟು ದಿನವೂ ನವೆಯಿಲ್ಲದ ಅಜ್ಜಿ ಮೊಮ್ಮಗನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಹುಳು ದಾಟಿಸುತ್ತಿರಬಹುದು. ಮೊಮ್ಮಗನ ಹೆಸರು ಬಂದ ಮೇಲೆ ಸಾಮಾನ್ಯವಾಗಿ ವಾದ ನಿಲ್ಲುತ್ತದೆ.

ನಾನು ಕೊಡುವುದು ಹುಳು ಕೊಲ್ಲುವ ಶೇ 5ರ ಪರ್ಮೆಥ್ರಿನ್ ಮುಲಾಮು. ವಯಸ್ಕರೊಬ್ಬರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು ಎಂದಾಗ ಮುಖಗಳು ಸಪ್ಪಗಾಗುತ್ತವೆ. ಒಂದೇ ಟ್ಯೂಬಿನಲ್ಲಿ ಮನೆಯೆಲ್ಲ ಮುಗಿಸುವ ಲೆಕ್ಕ ಅವರದು. ನವೆಯಿರುವ ಕಡೆ ಬೊಟ್ಟಿಟ್ಟಂತೆ ಹಚ್ಚಿದರೆ ದುಡ್ಡು ದಂಡ. ಕತ್ತಿನಿಂದ ಅಂಗಾಲಿನವರೆಗೆ, ಉಗುರು ಕತ್ತರಿಸಿ ಅದರ ಅಡಿಗೂ, ಬೆನ್ನಿಗೂ, ಗುಪ್ತಾಂಗಗಳಿಗೂ ಹಚ್ಚಬೇಕು. ಎಳೆಯ ಮಕ್ಕಳಿಗೆ ಕಣ್ಣು, ಬಾಯಿ ಬಿಟ್ಟು ಮುಖಕ್ಕೂ ತಲೆಗೂ. 8ರಿಂದ 14 ಗಂಟೆ ಮೈಮೇಲಿರಬೇಕು. ಹಚ್ಚುವ ಮೊದಲು ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ಮೀಯುವ ಅಗತ್ಯವಿಲ್ಲ. ಮೈ ಒಣಗಿ ತಣ್ಣಗಿದ್ದರೆ ಸಾಕು. ಬಸುರಿಯರಿಗೂ ಇದನ್ನು ಕೊಡಬಹುದು. ಎರಡು ತಿಂಗಳು ತುಂಬದ ಕೂಸಿಗೆ ಮಾತ್ರ ಗಂಧಕದ ಮುಲಾಮು, ಅದೂ ಮಕ್ಕಳ ವೈದ್ಯರನ್ನು ಕೇಳಿಯೇ.

ಹೊತ್ತಿನ ಆಯ್ಕೆ ಬಹಳ ಮುಖ್ಯ. ಹುಳುವಿಗೆ ಅತಿ ಪ್ರಿಯವಾದ ಜಾಗ ಬೆರಳ ಸಂದಿ. ನಮ್ಮ ಹೆಂಗಸರಿಗೋ ಕೈ ಒಣಗಲು ಬಿಡುವೇ ಇರುವುದಿಲ್ಲ. ಸಂಜೆಯೇ ಹಚ್ಚಿಕೊಂಡರೆ ಮುದ್ದೆ ಕಟ್ಟುವಾಗಲೋ ಪಾತ್ರೆ ತೊಳೆಯುವಾಗಲೋ ಹೋಗಿಬಿಡುತ್ತದೆ. ಹಾಗಾಗಿ ಊಟ ಮುಗಿದು, ಪಾತ್ರೆ ಕವುಚಿ, ದೀಪ ಆರಿಸುವ ಮುಂಚೆ ಹಚ್ಚಿ ಎನ್ನುತ್ತೇನೆ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಬೆಳಗ್ಗೆ ಒಲೆ ಹಚ್ಚುವ ಕೆಲಸ ಆ ಒಂದು ದಿನ ತಡವಾಗಲಿ ಎಂದು ಮನೆಯ ಗಂಡಸರಿಗೂ ಹೇಳಿ ಕಳಿಸುತ್ತೇನೆ. ಈ ಮಾತನ್ನು ಅವರು ಮುಲಾಮಿಗಿಂತ ಕಷ್ಟಪಟ್ಟು ಸಹಿಸಿಕೊಳ್ಳುತ್ತಾರೆ.

ಇನ್ನು ಹಾಸಿಗೆ. ಮೈಬಿಟ್ಟ ಹುಳು ಎರಡು ಮೂರು ದಿನದಲ್ಲಿ ಸಾಯುತ್ತದೆ. ಈಚಿನ ಮೂರು ದಿನ ತೊಟ್ಟ, ಹೊದ್ದ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಚಳ್ಳಕೆರೆಯ ಕಂಬಳಿಯನ್ನು ಯಾರು ಕುದಿನೀರಿಗೆ ಹಾಕುತ್ತಾರೆ? ಪಾಲಿಥೀನ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಅಟ್ಟಕ್ಕೇರಿಸಲು ಹೇಳುತ್ತೇನೆ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಹಾಸಿಗೆಗೆ ಸಿಂಪಡಿಸಿದವರನ್ನೂ ಕಂಡಿದ್ದೇನೆ. ಅದು ಅಪಾಯ, ಖಂಡಿತ ಬೇಡ.

ಒಂದು ವಾರ ಬಿಟ್ಟು ಎಲ್ಲರೂ ಮತ್ತೊಮ್ಮೆ ಹಚ್ಚಬೇಕು, ಮೊದಲ ಸಲ ಉಳಿದ ಮೊಟ್ಟೆ ಒಡೆದು ಬಂದವು ಸಾಯಲೆಂದು. ಅಷ್ಟರಲ್ಲಿ ನವೆ ತಗ್ಗಿ ಜನ ಮರೆಯುತ್ತಾರೆ. ಎರಡನೆಯ ಸುತ್ತಿನ ಟ್ಯೂಬುಗಳನ್ನು ಆಶಾ ಕಾರ್ಯಕರ್ತೆಯ ಕೈಯಲ್ಲೇ ಇಟ್ಟಿರುತ್ತೇನೆ. ಕುರಿ ಹಿಂಡಿನೊಂದಿಗೆ ಹೊರಟ ಗಂಡಸರಿಗೆ ಟ್ಯೂಬು ಕೊಟ್ಟು, ಅದೇ ರಾತ್ರಿ ಫೋನ್ ಮಾಡಿ ನೆನಪಿಸುವ ಹೊಣೆ ಹೆಂಡತಿಯದು. ಫಾಲ್ಗುಣದಲ್ಲಿ ನಾಯಕನಹಟ್ಟಿ ತೇರಿಗೆಂದು ನೆಂಟರು ಬಂದು ಜೊತೆಯಲ್ಲೇ ಮಲಗಿ ಹೋಗಿದ್ದರೆ ಅವರ ಊರಿಗೂ ಸುದ್ದಿ ಮುಟ್ಟಿಸಬೇಕು. ಇದಕ್ಕೆ ನಾಚಿಕೊಳ್ಳುವವರೇ ಹೆಚ್ಚು, ನನ್ನ ಮಾತು ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಹುಳು ಸತ್ತ ಮೇಲೂ ಎರಡರಿಂದ ನಾಲ್ಕು ವಾರ ನವೆ ಉಳಿಯಬಹುದು. ಆಗ ದಿನವೂ ಪರ್ಮೆಥ್ರಿನ್ ಬಳಿದುಕೊಂಡರೆ ಚರ್ಮ ಉರಿಯುತ್ತದೆ. ಕೊಬ್ಬರಿ ಎಣ್ಣೆ, ರಾತ್ರಿಗೊಂದು ನವೆಯ ಮಾತ್ರೆ, ಅಷ್ಟೇ ಕೊಡುತ್ತೇನೆ. ಹೊಸ ಗುಳ್ಳೆ ಎದ್ದರೆ ಮಾತ್ರ ಲೆಕ್ಕ ಬೇರೆ.

ಕಜ್ಜಿ ಎಂದರೆ ನಗುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಕೆರೆದ ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ ಕೀವಾದರೆ ಕೆಲವು ಮಕ್ಕಳಲ್ಲಿ ಮೂತ್ರಪಿಂಡ ಊದಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ಮುಖ ಊದಿದ, ಚಹಾ ಬಣ್ಣದ ಮೂತ್ರ ಹೋಗುವ ಮಗುವನ್ನು ಆ ದಿನವೇ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತೇನೆ. ಹಾಗೆಯೇ, ಕೈಕಾಲಿನ ಚರ್ಮ ದಪ್ಪ ಹೊಪ್ಪಳೆಗಟ್ಟಿದ, ಹಾಸಿಗೆ ಹಿಡಿದ ಹಿರಿಯರನ್ನೂ. ಅವರಿಗೆ ನವೆ ಕಡಿಮೆ ಇರಬಹುದು, ಮೈಯಲ್ಲಿ ಹುಳು ಸಾವಿರಗಟ್ಟಲೆ ಇರುತ್ತವೆ.

ಹಾಸ್ಟೆಲುಗಳಲ್ಲಿ ಮುಲಾಮು ಸೋಲುತ್ತದೆ. ಹುಡುಗರು ಚಡ್ಡಿ ಬಿಚ್ಚಲು ಒಪ್ಪುವುದಿಲ್ಲ, ಬೆನ್ನಿಗೆ ಹಚ್ಚುವವರಿಲ್ಲ. ಅಲ್ಲಿ ತೂಕ ನೋಡಿ, ಕಿಲೋಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ ಹುಳು ಕೊಲ್ಲುವ ಐವರ್ಮೆಕ್ಟಿನ್ ಮಾತ್ರೆಯನ್ನು ಊಟದೊಂದಿಗೆ ಎದುರಿಗೇ ನುಂಗಿಸುತ್ತೇನೆ. ವಾರ ಕಳೆದು ಎರಡನೆಯ ಸಲ. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೂ ಬಸುರಿಯರಿಗೂ ಈ ಮಾತ್ರೆ ಕೊಡುವಂತಿಲ್ಲ. ಅಡುಗೆಯವರಿಗೂ ವಾರ್ಡನ್‌ಗೂ ಅದೇ ದಿನ. ಆ ವಾರದ ರಜೆಗೆ ಊರಿಗೆ ಹೊರಟ ಹುಡುಗರ ಪಟ್ಟಿಯನ್ನು ಆಯಾ ಊರಿನ ಆಶಾ ಕಾರ್ಯಕರ್ತೆಗೆ ಕಳಿಸಿಬಿಡುತ್ತೇನೆ.