ಡಿಸ್ಕ್ ಜಾರಿದೆಯಾ? ನೋವು ಮೇಲೆ ಬರುತ್ತಿದೆಯೋ ಕೆಳಗೆ ಹೋಗುತ್ತಿದೆಯೋ ನೋಡಿ

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಕೊಯ್ಲಿನಲ್ಲಿ ಹಣ್ಣಿನ ಮೂಟೆಯನ್ನು ಬಗ್ಗಿ ಎತ್ತಿ, ಹಾಗೇ ಸೊಂಟ ತಿರುಗಿಸಿ ಪಿಕಪ್‌ಗೆ ಹಾಕಿದೆ, ಅಲ್ಲೇ ಹಿಡಿದುಕೊಂಡಿತು. ಎರಡು ದಿನಕ್ಕೆ ನೋವು ಕುಂಡೆ, ತೊಡೆಯ ಹಿಂಭಾಗ, ಮೀನಖಂಡ ಎಲ್ಲ ದಾಟಿ ಕಾಲಿನ ಕಿರುಬೆರಳಿಗೆ ಇಳಿಯಿತು. ಎಲ್5-ಎಸ್1 ಡಿಸ್ಕ್ ಅಂದರು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳಲ್ಲಿ ತೀರಾ ಕೆಳಗಿನದು ಆಚೆ ಬಂದು ಕಾಲಿನ ನರ ಒತ್ತುತ್ತಿದೆ ಅಂತ. ನೋಡಲು ಬಂದವರೆಲ್ಲ ನರ ಎಳೆಸಿ, ಬೆನ್ನು ತುಳಿಸಿ ಅಂತಿದ್ದರು. ದಯವಿಟ್ಟು ತುಳಿಸಬೇಡಿ.

ಮೊದಲು ಇದನ್ನು ನೋಡಿಕೊಳ್ಳಿ. ಮೂತ್ರ ಕಟ್ಟಿದೆಯಾ, ಗೊತ್ತಾಗದೆ ಹೋಗುತ್ತಿದೆಯಾ, ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದೆಯಾ, ಪಾದ ಎತ್ತಲಾಗದೆ ಚಪ್ಪಲಿ ಕಳಚಿ ಬೀಳುತ್ತಿದೆಯಾ? ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ, ಹಾಸನವೋ ಚಿಕ್ಕಮಗಳೂರೋ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

ಅದೇನೂ ಇಲ್ಲ ಅಂದರೆ ಡಾಕ್ಟರಿಗೆ ತೋರಿಸಿ, ಕಲಿತ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಅವರು ಬೋರಲು ಮಲಗಿಸಿ, ಅಂಗೈ ಬುಡದಿಂದ ಬೆನ್ನಿನ ಒಂದೊಂದೇ ಮೂಳೆಯನ್ನು ಮೆಲ್ಲಗೆ, ಒಂದೇ ಲಯದಲ್ಲಿ ಒತ್ತಿ ಬಿಡುತ್ತಾರೆ. ನೋವು ಜಾಸ್ತಿ ಇದ್ದಾಗ ತೀರಾ ಹಗುರಾಗಿ, ಬಿಗಿತವೇ ಮುಖ್ಯವಾದಾಗ ಆಳಕ್ಕೆ. ಇದರಿಂದ ಡಿಸ್ಕ್ ಒಳಗೆ ಹೋಗಿ ಕೂರುವುದಿಲ್ಲ. ನೋವು, ಬಿಗಿತ ಇಳಿದು ನೀವು ಓಡಾಡುವ ಹಾಗೆ ಆಗುತ್ತದೆ, ಅಷ್ಟೇ. ಆಚೆ ಬಂದ ಭಾಗವನ್ನು ಎಷ್ಟೋ ಸಲ ದೇಹವೇ ನಿಧಾನಕ್ಕೆ ಕರಗಿಸುತ್ತದೆ, ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೆ ಹಗುರಾಗುತ್ತದೆ. ಆದರೆ ಕಾಲಿನ ಶಕ್ತಿ ಕುಂದಿದ್ದರೆ ಯಾರಿಗೂ ಸೊಂಟ ತಿರುಚಿ ಲಟಕ್ಕನಿಸಲು ಬಿಡಬೇಡಿ.

ಇನ್ನು ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ 1950ರ ದಶಕದಲ್ಲೇ ಗಮನಿಸಿದ್ದು ಇದು: ಕಾಲಿನ ನೋವು ಮೇಲೇರಿ ಸೊಂಟದ ನಡುವೆ ಬಂದು ನಿಂತರೆ ಒಳ್ಳೆಯ ಲಕ್ಷಣ. ಆಗ ಸೊಂಟ ಸ್ವಲ್ಪ ಜಾಸ್ತಿ ನೋಯಬಹುದು, ಹೆದರಬೇಡಿ. ಮೀನಖಂಡದಲ್ಲಿದ್ದದ್ದು ಪಾದಕ್ಕೆ ಇಳಿದರೆ ಅದು ಯಾರ ಕೈಯೇ ಇರಲಿ, ಯಾವ ವ್ಯಾಯಾಮವೇ ಇರಲಿ, ಅಲ್ಲಿಗೇ ನಿಲ್ಲಿಸಿ.

ಮನೆಯಲ್ಲಿ ಮಾಡಲು ನನಗೆ ಹೇಳಿಕೊಟ್ಟದ್ದು: ಚಾಪೆ ಮೇಲೆ ಬೋರಲು ಎರಡು ನಿಮಿಷ ಸುಮ್ನೆ ಮಲಗಿ. ಆಮೇಲೆ ಮೊಣಕೈ ಊರಿ ಎದೆ ಎತ್ತಿ. ಕಾಲಿನ ನೋವು ಏರುತ್ತಿದ್ದರೆ ಮಾತ್ರ ಮುಂದಕ್ಕೆ: ಅಂಗೈ ಊರಿ, ಸೊಂಟ ಚಾಪೆಗೇ ಬಿಟ್ಟು, ಮೇಲ್ಭಾಗವನ್ನಷ್ಟೇ 10 ಸಲ ಎತ್ತಿ ಇಳಿಸಿ. ಎರಡು ಮೂರು ಗಂಟೆಗೊಮ್ಮೆ. ಎಲ್ಲರಿಗೂ ಇದು ಒಗ್ಗುವುದಿಲ್ಲ, ಕೆಲವರಿಗೆ ಬೇರೆ ದಿಕ್ಕಿಗೆ ಬಾಗುವುದೇ ಬೇಕಾಗುತ್ತದೆ, ಅದಕ್ಕೇ ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರೇ ಮಾಡಿ. ದಿನವಿಡೀ ಹಾಸಿಗೆ ಹಿಡಿಯಬೇಡಿ. ಒಣಕಣದಂಥ ಸಮತಟ್ಟು ಜಾಗದಲ್ಲಿ ಆಗಾಗ ನಡೆಯಿರಿ.

ನಮಗೆ ಚಿಕ್ಕಮಗಳೂರಿಗೇ 30 ಕಿಲೋಮೀಟರು, ಬಸ್ಸಲ್ಲಿ ಕೂತು ಹೋಗಿ ಬರುವಷ್ಟರಲ್ಲಿ ಒತ್ತಿಸಿಕೊಂಡ ಸುಖವೆಲ್ಲ ಹೋಗುತ್ತದೆ ಅಲ್ವಾ? ಹಾಗಾಗಿ ವಾರಕ್ಕೊಂದೆರಡು ಸಲ ಸಾಕಾಗುವಂತೆ ಮನೆಯಲ್ಲಿ ಏನು ಮಾಡಬೇಕು ಅಂತ ಕೇಳಿ ಬರೆಸಿಕೊಳ್ಳಿ. ಅಲ್ಲಿ ಚಿಕಿತ್ಸೆಯ ಮಂಚ ಹತ್ತುವ ಮುಂಚೆ ನೋವು ಎಲ್ಲಿತ್ತು, ಇಳಿದ ಮೇಲೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ಸಂಕೋಚ ಬೇಡ.