ಕೀರ್ತನೆಯ ಧಾಟಿಯ ಮೇಲೆ ಕೋರಲ್ ಪ್ರಿಲ್ಯೂಡ್ ಬರೆಯುವ ಬಗೆ

ಚರ್ಚಿನ ಹಾಡಿನ ಧಾಟಿಯ ಸುತ್ತ ಆರ್ಗನ್ನಿಗಾಗಿ ಹೆಣೆದ ಕೃತಿಯೇ ಕೋರಲ್ ಪ್ರಿಲ್ಯೂಡ್. ಮೊದಲ ಪ್ರಯತ್ನಕ್ಕೆ ಜರ್ಮನ್ ಸಂಗೀತಕಾರ ಪಾಖೆಲ್‌ಬೆಲ್ (1653–1706) ರೂಢಿಸಿದ ಮಾದರಿಯೇ ಒಳ್ಳೆಯದು. ಧಾಟಿಯ ಪ್ರತಿ ಸಾಲೂ ಮೊದಲು ಚಿಕ್ಕ ಸ್ವರಗಳಲ್ಲಿ, ಒಂದರ ಹಿಂದೆ ಒಂದು ದನಿಯಲ್ಲಿ ಸುಳಿಯುತ್ತದೆ. ಆಮೇಲೆ ಅದೇ ಸಾಲು ದೀರ್ಘ ಸ್ವರಗಳಲ್ಲಿ ಬರುತ್ತದೆ.

1551ರ ಜಿನೀವಾ ಕೀರ್ತನೆ ಪುಸ್ತಕದ ‘ಓಲ್ಡ್ ಹಂಡ್ರೆಡ್ತ್’ ಧಾಟಿ ತೆಗೆದುಕೊಳ್ಳಿ. ನಾಲ್ಕು ಸಾಲು, ಸಾಲಿಗೆ ಎಂಟು ಸ್ವರ. ಜಿ ಮೇಜರ್‌ನಲ್ಲಿ, ಅಂದರೆ ಜಿಯನ್ನು ಷಡ್ಜವಾಗಿಟ್ಟ ಶಂಕರಾಭರಣದ ಸ್ವರಗಳಲ್ಲಿ, ಮೊದಲ ಸಾಲು ಸ ಸ ನಿ ಧ ಪ ಸ ರಿ ಗ. ನಿ, ಧ, ಪ ಮಂದ್ರದವು.

ಧಾಟಿಗೆ ಹಾಫ್ ನೋಟ್ (ಎರಡು ಎಣಿಕೆ), ಅದಕ್ಕೆ ಮುಂಚೆ ಸುಳಿಯುವ ಅನುಕರಣೆಗೆ ಏಯ್ತ್ ನೋಟ್ (ಅರ್ಧ ಎಣಿಕೆ) ಇಡಿ; ಬಾರ್‌ಗೆ ನಾಲ್ಕು ಎಣಿಕೆ. ಆಗ ಸಾಲು ನಾಲ್ಕು ಬಾರ್, ಅನುಕರಣೆ ಒಂದೇ ಬಾರ್. ಬಾಸ್‌ಗಿಂತ ಮೇಲಿನ ದನಿಯಾದ ಟೆನರ್ ಮೊದಲು ನುಡಿಯಲಿ. ಅದರ ಕೊನೆಯ ‘ಗ’ವನ್ನು ಮುಂದಿನ ಬಾರ್‌ಗೂ ಎಳೆಯಿರಿ. ಅಲ್ಲಿ ಟೆನರ್‌ಗಿಂತ ಮೇಲಿನ ದನಿ ಆಲ್ಟೊ ‘ಪ’ದಿಂದ ಉತ್ತರಿಸುತ್ತದೆ: ಪ ಪ ಮ ಗ ರಿ ಪ ಧ ನಿ. ಇಲ್ಲಿನ ‘ಮ’ ಪ್ರತಿಮಧ್ಯಮ, ಸಿ ಶಾರ್ಪ್.

ಹೆಚ್ಚಿನವರು ಎಡವುವುದು ಇದಾದ ತಕ್ಷಣ. ಆಲ್ಟೊ ‘ನಿ’ ಹಿಡಿದಿರುವಾಗಲೇ ಮುಖ್ಯ ಧಾಟಿಯ ‘ಸ’ ಬಂದರೆ ಎರಡೂ ಕರ್ಕಶವಾಗಿ ತಾಗುತ್ತವೆ. ನಡುವೆ ಒಂದು ಬಾರ್ ಕೊಟ್ಟು, ಶುದ್ಧ ಮಧ್ಯಮಕ್ಕೆ ಮರಳಿ, ಡಿ ಸೆವೆಂತ್ ಕಾರ್ಡಿನಿಂದ (ಪ ನಿ ರಿ ಮ ಒಟ್ಟಿಗೆ) ಜಿ ಕಾರ್ಡಿಗೆ (ಸ ಗ ಪ) ಇಳಿಯುವ ಕ್ಷಣದಲ್ಲೇ ಧಾಟಿ ಶುರುಮಾಡಿ. ಎರಡನೇ ಸಾಲು ಗ ಗ ಗ ಎಂದು ತೊಡಗುವುದರಿಂದ ಅನುಕರಣೆಗೆ ಸಪ್ಪೆ; ನಾಲ್ಕನೇ ಸ್ವರದಿಂದ, ರಿ ಸ ಮ ಗ ರಿ, ಎತ್ತಿಕೊಂಡರೆ ಜೀವ ಬರುತ್ತದೆ. ಕೊನೆಯ ಸಾಲು ಪ ಗ ಸ ಎಂದು ತೊಡಗುತ್ತದೆ: ಮಧ್ಯಸ್ಥಾಯಿಯ ಪಂಚಮದಿಂದ ಇಳಿಯುವ ಈ ಜಿಗಿತಕ್ಕೆ ಯಾರೂ ಏನೂ ಸೇರಿಸಬೇಕಿಲ್ಲ.

ಧಾಟಿ ಬಲಗೈಯಲ್ಲಿದ್ದರೆ ಆಲ್ಟೊ, ಟೆನರ್ ಎರಡೂ ಎಡಗೈಯ ಪಾಲು. ಅವುಗಳ ಅಂತರ ಒಂದು ಆಕ್ಟೇವ್ ಮೀರಿದರೆ ಬರೆದದ್ದು ಕಾಗದದಲ್ಲೇ ಉಳಿಯುತ್ತದೆ. ಅನುಕರಣೆಯುದ್ದಕ್ಕೂ ಪೆಡಲ್, ಅಂದರೆ ಕಾಲಿನಿಂದ ನುಡಿಸುವ ಕೀಲಿಗಳು, ಸುಮ್ಮನಿರಲಿ. ಧಾಟಿಯ ಜೊತೆಗೇ ಬಾಸ್ ಬಂದರೆ ಕಿವಿ ತಾನಾಗಿ ಧಾಟಿಯತ್ತ ತಿರುಗುತ್ತದೆ.

ಧಾಟಿಗೆ ಒಂದು ಕೀಬೋರ್ಡಿನಲ್ಲಿ 8 ಅಡಿಯ ಪ್ರಿನ್ಸಿಪಲ್, ಉಳಿದ ದನಿಗಳಿಗೆ ಇನ್ನೊಂದರಲ್ಲಿ 8 ಅಡಿಯ ಫ್ಲೂಟ್, ಪೆಡಲಿಗೆ ಮೆತ್ತನೆಯ 16 ಮತ್ತು 8 ಅಡಿ. ಪ್ರಿನ್ಸಿಪಲ್, ಫ್ಲೂಟ್ ಎಂಬುವು ಕೊಳವೆಗಳ ಸಾಲಿನ ಹೆಸರು; 8 ಅಡಿಯದು ಬರೆದ ಸ್ಥಾಯಿಯಲ್ಲೇ, 16 ಅಡಿಯದು ಒಂದು ಆಕ್ಟೇವ್ ಕೆಳಗೆ ನುಡಿಯುತ್ತದೆ. ಒಂದೇ ಕೀಬೋರ್ಡ್ ಇದ್ದರೆ ಧಾಟಿಯನ್ನು ಪೆಡಲಿಗೆ ಕೊಡಿ. ಅದು ಬಾಸ್ ಆಗಿದ್ದರೆ 16 ಅಡಿ ಇರಲಿ, ಟೆನರ್ ಆಗಿದ್ದರೆ ತೆಗೆದುಬಿಡಿ. ಇಲ್ಲದಿದ್ದರೆ ಒಂದು ಆಕ್ಟೇವ್ ಕೆಳಗೂ ಮೊಳಗಿ ಕಾರ್ಡುಗಳು ತಲೆಕೆಳಗಾಗುತ್ತವೆ.

ಆರ್ಗನ್ನಿನ ನಾದ ಕೀ ಬಿಡುವವರೆಗೂ ಕುಗ್ಗುವುದಿಲ್ಲ. ಹಾಗಾಗಿ ಆರಂಭದ ಸ ಸ ಒಂದೇ ಉದ್ದ ಸ್ವರದಂತೆ ಕೇಳಿಸೀತು. ಮೊದಲನೆಯದನ್ನು ಒಂದು ಏಯ್ತ್ ನೋಟಿನಷ್ಟು ಮೊದಲೇ ಬಿಡಿ, ಮಾರ್ದನಿ ಹೆಚ್ಚಿರುವ ಚರ್ಚಿನಲ್ಲಿ ಇನ್ನೂ ತುಸು ಮೊದಲೇ.